ಹತ್ತು ಸಾವಿರದ ಫೋನು, ಒಡೆಯರಪಾಳ್ಯದ ಟವರು

ಫೋನ್ ಕಂಪನಿಗಳ ಜಾಹೀರಾತು ಶುರುವಾಗುವುದೇ ಕ್ಯಾಮೆರಾದಿಂದ. 50 ಮೆಗಾಪಿಕ್ಸೆಲ್, 120 ಹರ್ಟ್ಸ್ ಪರದೆ, 5ಜಿ ವೇಗ, 8 ಜಿಬಿ ರ‍್ಯಾಮ್ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರ. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಕಡೆಯ ಗಿರಾಕಿ ಅಂಗಡಿಗೆ ಬಂದರೆ ಕೇಳುವುದು ಬೇರೆಯೇ: ‘ಟವರ್ ಸಿಕ್ತದಾ? ಚಾರ್ಜ್ ನಿಲ್ತದಾ? ಹ್ಯಾಂಗ್ ಆಗಲ್ವಾ?’ ಈ ಮೂರು ಪ್ರಶ್ನೆಗಳೇ ಸರಿಯಾದವು. ಏಳರಿಂದ ಹತ್ತು ಸಾವಿರ ರೂಪಾಯಿಯ ಫೋನನ್ನು ಅಳೆಯಬೇಕಾದ ಕ್ರಮವೂ ಇದೇ. ಮೊದಲು ಟವರ್, ಆಮೇಲೆ ಬ್ಯಾಟರಿ, ಆಮೇಲೆ ಮೆಮೊರಿ. ಕ್ಯಾಮೆರಾ ಕೊನೆಗೆ.

ಒಡೆಯರಪಾಳ್ಯದ ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಧಾಮ. ಲೊಕ್ಕನಹಳ್ಳಿ ದಾಟಿ ಬಂದ ರಸ್ತೆ ಹಾಗೇ ಮುಂದುವರಿದು ತಮಿಳುನಾಡಿನ ಹಾಸನೂರಿನ ಕಡೆಗೆ ಹೋಗುತ್ತದೆ. ಸೋಲಿಗರ ಪೋಡುಗಳು, ಜೋಳ ರಾಗಿ ಬೆಳೆಯುವ ರೈತರು, 1970ರ ದಶಕದಲ್ಲಿ ನೆಲೆಯೂರಿದ ಧೊಂಡೆನ್‌ಲಿಂಗ್ ಟಿಬೆಟನ್ ಕ್ಯಾಂಪು, ಎಲ್ಲವೂ ಇಲ್ಲೇ ಅಕ್ಕಪಕ್ಕ. ಇಂಥ ಊರಿಗೆ ಬೆಂಗಳೂರಿನಲ್ಲಿ ಕೂತು ಬರೆದ ವಿಮರ್ಶೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿನವರು ಏನೇನು ನೋಡಿ ಕೊಳ್ಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಕೆಲಸದ ಪಟ್ಟಿ

ಅಂಗಡಿಗೆ ಹೋಗುವ ಮುನ್ನ ಈ ಫೋನಿನಿಂದ ಮನೆಯಲ್ಲಿ ಯಾರಿಗೆ ಏನು ಆಗಬೇಕು ಎಂದು ಬರೆದುಕೊಳ್ಳಿ. ಸಾಮಾನ್ಯವಾಗಿ ಪಟ್ಟಿ ಹೀಗಿರುತ್ತದೆ: ಕರೆ, ವಾಟ್ಸ್‌ಆಪ್, ಫೋನ್‌ಪೇ ಅಥವಾ ಗೂಗಲ್ ಪೇ, ಗೃಹಲಕ್ಷ್ಮಿ ಹಣ ಬಂತೇ ಎಂದು ಡಿಬಿಟಿ ಆಪ್‌ನಲ್ಲಿ ನೋಡುವುದು, ಮಕ್ಕಳ ಪಾಠ, ಯೂಟ್ಯೂಬ್. ರೈತರ ಮನೆಯಾದರೆ ಬೆಳೆ ಸಮೀಕ್ಷೆ ಆಪ್, ಜಮೀನಿನ ಸರ್ವೆ ನಂಬರ್ ತೋರಿಸುವ ದಿಶಾಂಕ್, ಪಿಎಂ ಕಿಸಾನ್‌ನ ಇ-ಕೆವೈಸಿ ಸೇರುತ್ತವೆ. ಅಂಗನವಾಡಿ ಕಾರ್ಯಕರ್ತೆಯ ಮನೆಯಲ್ಲಿ ಪೋಷಣ್ ಟ್ರ್ಯಾಕರ್ ಬಂತು.

ಈ ಯಾವ ಕೆಲಸಕ್ಕೂ ದುಬಾರಿ ಫೋನ್ ಬೇಡ. ಆದರೆ ಇವುಗಳಲ್ಲಿ ಹಲವು ಸ್ಥಳ, ಫೋಟೊ, ಒಟಿಪಿ ಇವುಗಳಲ್ಲಿ ಒಂದನ್ನಾದರೂ ಕೇಳುವ ಆಪ್‌ಗಳು. ಅಂದರೆ ಜಿಪಿಎಸ್ ಸರಿಯಾಗಿ ಹಿಡಿಯಬೇಕು, ಫೋಟೊ ಮಬ್ಬಾಗಬಾರದು, ಒಟಿಪಿ ಬರುವಷ್ಟು ಟವರ್ ಇರಬೇಕು.

ಮನೆಯ ಅಜ್ಜಿಗೆ ಬರೀ ಮಾತಾಡಲು ಬೇಕಿದ್ದರೆ ಟಚ್ ಫೋನೇ ಬೇಕಿಲ್ಲ. 4ಜಿ ಇರುವ ಬಟನ್ ಫೋನು ಸಾಕು. ಹಳೆಯ 2ಜಿ ಸೆಟ್ಟಿನಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ ಎಂಬುದು ನೆನಪಿರಲಿ. ಆ ಕಂಪನಿಗೆ 2ಜಿ, 3ಜಿ ಜಾಲವೇ ಇಲ್ಲ. ಬಟನ್ ಫೋನಿನಲ್ಲಿ ಹಣ ಕಳಿಸಲು 2022ರಿಂದ ಯುಪಿಐ 123ಪೇ ಇದೆ. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ.

ಟವರ್: ಬ್ಯಾಂಡ್ ನಂಬರ್ ನೋಡಿ

ಒಂದೇ ಜಾಗದಲ್ಲಿ, ಒಂದೇ ಕಂಪನಿಯ ಸಿಮ್ ಇದ್ದರೂ ಒಬ್ಬರ ಫೋನಿಗೆ ಟವರ್ ಸಿಗುತ್ತದೆ, ಪಕ್ಕದವರ ಫೋನಿಗೆ ಸಿಗುವುದಿಲ್ಲ. ಇದಕ್ಕೆ ದೊಡ್ಡ ಕಾರಣ ಬ್ಯಾಂಡ್. ಟವರ್‌ಗಳು ಬೇರೆ ಬೇರೆ ತರಂಗಾಂತರಗಳಲ್ಲಿ, ಅಂದರೆ ಬ್ಯಾಂಡ್‌ಗಳಲ್ಲಿ, ಸಿಗ್ನಲ್ ಬಿಡುತ್ತವೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ದೂರ ಹೋಗುತ್ತವೆ, ಗೋಡೆ ಮರಗಳನ್ನು ಒಂದಿಷ್ಟು ದಾಟಿಯೂ ಬರುತ್ತವೆ. 2300, 2500 ಮೆಗಾಹರ್ಟ್ಸ್ ತರಂಗಗಳಿಗೆ ವೇಗ ಹೆಚ್ಚು, ಹರವು ಕಡಿಮೆ. ಗುಡ್ಡ ಕಾಡಿನ ಊರಿನಲ್ಲಿ ಆಸರೆಯಾಗುವುದು ಕೆಳಗಿನ ತರಂಗಗಳೇ.

ಫೋನಿನ ಪೆಟ್ಟಿಗೆಯಲ್ಲಿ ಅಥವಾ ಕಂಪನಿಯ ವಿವರಪಟ್ಟಿಯಲ್ಲಿ 4ಜಿ ಬ್ಯಾಂಡ್‌ಗಳ ಸಾಲೊಂದು ಇರುತ್ತದೆ. ಅದರಲ್ಲಿ 1, 3, 5, 8, 28, 40, 41 ಎಂಬ ಅಂಕಿಗಳಿವೆಯೇ ನೋಡಿ. ಜಿಯೋಗೆ 3, 5, 40 ಬೇಕು. ಏರ್‌ಟೆಲ್‌ಗೆ 1, 3, 8, 40. ವಿಐಗೆ 1, 3, 8, 41. ಬಿಎಸ್‌ಎನ್‌ಎಲ್ 4ಜಿಗೆ 1 ಮತ್ತು 28.

ಈ 28ರ ಮೇಲೆ ವಿಶೇಷ ಗಮನವಿರಲಿ. ಅದು 700 ಮೆಗಾಹರ್ಟ್ಸ್. ಟವರ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಸಂಸ್ಥೆಯ ಸ್ವದೇಶಿ 4ಜಿ ಜಾಲ ದೇಶಕ್ಕೆ ಸಮರ್ಪಣೆಯಾಯಿತು. ಕಾಡಂಚಿನವರು ಇನ್ನು ಮೂರು ನಾಲ್ಕು ವರ್ಷ ಬಳಸುವ ಫೋನಿನಲ್ಲಿ ಈ ಬ್ಯಾಂಡ್ ಇಲ್ಲದಿದ್ದರೆ ಊರಿಗೆ ಟವರ್ ಬಂದರೂ ಕೈಯಲ್ಲಿನ ಸೆಟ್ಟು ಅದನ್ನು ಹಿಡಿಯುವುದಿಲ್ಲ. ಹಳೆಯ ಫೋನುಗಳಲ್ಲಿ, ಹೊರದೇಶದಿಂದ ಬಂದ ಸೆಟ್ಟುಗಳಲ್ಲಿ ಇದು ಇಲ್ಲದಿರಬಹುದು.

ಇನ್ನು ಪರೀಕ್ಷೆ. ಪರದೆಯ ಮೇಲಿನ ಟವರ್ ಗೆರೆಗಳನ್ನು ನಂಬಬೇಡಿ. ಒಂದೊಂದು ಕಂಪನಿ ಒಂದೊಂದು ಲೆಕ್ಕದಲ್ಲಿ ಗೆರೆ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಫೋನ್ ಕುರಿತು’ ವಿಭಾಗಕ್ಕೆ ಹೋಗಿ ಸಿಮ್ ಸ್ಥಿತಿ ತೆರೆದರೆ ಸಿಗ್ನಲ್‌ನ ಅಂಕಿ ಡಿಬಿಎಂನಲ್ಲಿ ಸಿಗುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 105ಕ್ಕೆ ಕೆಲಸ ನಡೆಯುತ್ತದೆ. ಮೈನಸ್ 115 ದಾಟಿದರೆ ಮಾತು ತುಂಡಾಗುತ್ತದೆ, ಪೇಮೆಂಟ್ ಸುತ್ತುತ್ತಲೇ ಇರುತ್ತದೆ. ಕೊಳ್ಳಬೇಕೆಂದಿರುವ ಮಾಡೆಲ್ ಊರಿನಲ್ಲಿ ಯಾರಲ್ಲಾದರೂ ಇದ್ದರೆ ನಿಮ್ಮ ಸಿಮ್ಮನ್ನು ಅದಕ್ಕೆ ಹಾಕಿ, ಮನೆಯೊಳಗೆ ಒಮ್ಮೆ, ಹೊಲದಲ್ಲಿ ಒಮ್ಮೆ ಈ ಅಂಕಿ ನೋಡಿ. ಕೊಳ್ಳೇಗಾಲದ ಅಂಗಡಿಯಲ್ಲಿ ನಿಂತು ಟವರ್ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಅಲ್ಲಿ ಎಲ್ಲ ಫೋನಿಗೂ ಫುಲ್ ಟವರ್.

ಎರಡು ಸಿಮ್ ಹಾಕುವ ಜಾಗ ಇಲ್ಲಿ ಶೋಕಿಯಲ್ಲ, ಅಗತ್ಯ. ಮನೆಯ ಬಳಿ ಒಂದು ಕಂಪನಿ, ಹೊಲದ ಬಳಿ ಇನ್ನೊಂದು ಸಿಗುವುದು ಸಾಮಾನ್ಯ. ಎರಡು ಸಿಮ್ ಜೊತೆಗೆ ಮೆಮೊರಿ ಕಾರ್ಡಿಗೂ ಪ್ರತ್ಯೇಕ ಜಾಗವಿದೆಯೇ ಕೇಳಿ. ಕೆಲವು ಫೋನುಗಳಲ್ಲಿ ಎರಡನೇ ಸಿಮ್ ಹಾಕಿದರೆ ಕಾರ್ಡ್ ತೆಗೆಯಬೇಕಾಗುತ್ತದೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಾದಪ್ಪನ (ಮಲೆ ಮಹದೇಶ್ವರ) ಬೆಟ್ಟದಲ್ಲಿ ಜನ ತುಂಬಿ ಟವರ್ ಕಟ್ಟಿಕೊಂಡಾಗಲೂ ಎರಡನೇ ಸಿಮ್ ಕೈ ಹಿಡಿಯಬಹುದು.

5ಜಿ ಬೇಕೇ?

ನಿಮ್ಮ ಊರಿನಲ್ಲಿ ಈಗ 5ಜಿ ಇಲ್ಲದಿದ್ದರೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ. ಅದೇ ಹಣಕ್ಕೆ ದೊಡ್ಡ ಸ್ಟೋರೇಜ್ ಇರುವ 4ಜಿ ಫೋನ್ ಸಿಕ್ಕರೆ ಅದೇ ಲಾಭ. ಆದರೆ ಮಗನೋ ಮಗಳೋ ಮೈಸೂರಿನಲ್ಲಿ ಓದುತ್ತಿದ್ದು ಫೋನ್ ಅವರ ಕೈಗೆ ಹೋಗುವುದಾದರೆ ಲೆಕ್ಕ ಬದಲಾಗುತ್ತದೆ.

ಆಗಲೂ ಪೆಟ್ಟಿಗೆಯ ಮೇಲೆ ‘5ಜಿ’ ಎಂದಿದ್ದರೆ ಮುಗಿಯಲಿಲ್ಲ. 2024ರ ನವೆಂಬರ್‌ನಲ್ಲಿ 8,499 ರೂಪಾಯಿಗೆ ಬಂದ ರೆಡ್ಮಿ ಎ4 5ಜಿ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಎಸ್‌ಎ ಎಂಬ ಬಗೆಯ 5ಜಿಯನ್ನು ಮಾತ್ರ ಹಿಡಿಯುತ್ತಿತ್ತು. ಜಿಯೋ ಜಾಲ ಅದೇ ಬಗೆಯದು, ಹಾಗಾಗಿ ಅಲ್ಲಿ 5ಜಿ ಬಂತು. ಏರ್‌ಟೆಲ್ ಆಗ ಮೊಬೈಲಿಗೆ ಕೊಡುತ್ತಿದ್ದುದು ಎನ್‌ಎಸ್‌ಎ ಬಗೆ. ಏರ್‌ಟೆಲ್ ಸಿಮ್ ಹಾಕಿದವರಿಗೆ ಅದು 4ಜಿ ಫೋನಾಗಿಯೇ ಉಳಿಯಿತು. ಆದ್ದರಿಂದ ‘5ಜಿ ಇದೆಯಾ’ ಎಂದು ಕೇಳುವ ಬದಲು ‘ನನ್ನ ಸಿಮ್ಮಿಗೆ 5ಜಿ ಬರುತ್ತದಾ’ ಎಂದು ಕೇಳಿ.

ಬ್ಯಾಟರಿ: ಟವರ್ ಕಮ್ಮಿ, ಖರ್ಚು ಜಾಸ್ತಿ

ಪೇಟೆಯಲ್ಲಿ ಒಂದೂವರೆ ದಿನ ಬರುವ ಫೋನು ಕಾಡಂಚಿನಲ್ಲಿ ಸಂಜೆಗೇ ಕೆಂಪು ತೋರಿಸುತ್ತದೆ. ಫೋನ್ ಕೆಟ್ಟಿದೆ ಎಂದಲ್ಲ. ಟವರ್ ದೂರವಿದ್ದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಸಿಗ್ನಲ್ ಕಳಿಸಬೇಕಾಗುತ್ತದೆ. ಟವರ್ ಬಂದು ಹೋಗಿ ಮಾಡುತ್ತಿದ್ದರೆ ಹುಡುಕಾಟವೂ ಸೇರಿ ಬ್ಯಾಟರಿ ಇಳಿಯುತ್ತದೆ. ಆನೆ, ಕಾಡುಹಂದಿ ಬರುವ ಕಾಲದಲ್ಲಿ ರಾತ್ರಿ ಹೊಲ ಕಾಯುವವರಿಗೆ ಟಾರ್ಚ್, ಕರೆ ಎರಡೂ ಅದೇ ಫೋನಿನಲ್ಲಿ ಆಗಬೇಕು.

ಹಾಗಾಗಿ 5,000 ಎಂಎಎಚ್‌ಗಿಂತ ಕಡಿಮೆಯ ಬ್ಯಾಟರಿ ತೆಗೆದುಕೊಳ್ಳಬೇಡಿ. ಈ ಬೆಲೆಯಲ್ಲಿ ಇಷ್ಟು ಈಗ ಸುಲಭವಾಗಿ ಸಿಗುತ್ತದೆ. ಅದರಷ್ಟೇ ಮುಖ್ಯ ಚಾರ್ಜಿಂಗ್ ವೇಗ. 10 ವ್ಯಾಟ್‌ನ ಚಾರ್ಜರಿಗೆ ಇಂಥ ಬ್ಯಾಟರಿ ತುಂಬಲು ಮೂರು ಗಂಟೆಯ ಹತ್ತಿರ ಬೇಕು, 18 ವ್ಯಾಟ್‌ನದಕ್ಕೆ ಸುಮಾರು ಎರಡು. ಕರೆಂಟ್ ಬಂದು ಹೋಗುವ ಊರಿನಲ್ಲಿ ಈ ಒಂದು ಗಂಟೆ ದೊಡ್ಡದು. ಪೆಟ್ಟಿಗೆಯಲ್ಲಿ ಚಾರ್ಜರ್ ಇದೆಯೇ, ಇದ್ದರೆ ಎಷ್ಟು ವ್ಯಾಟ್‌ನದು, ಟೈಪ್-ಸಿ ಪಿನ್ನೇ ಎಂದು ನೋಡಿ. ಫೋನು 18 ವ್ಯಾಟ್ ತೆಗೆದುಕೊಳ್ಳುತ್ತದೆ ಎಂದು ಬರೆದು ಒಳಗೆ 10 ವ್ಯಾಟ್‌ನ ಚಾರ್ಜರ್ ಇಡುವುದೂ ಉಂಟು.

ಟವರ್ ಇಲ್ಲದ ಕಡೆ ಹೋಗುವಾಗ ಏರೋಪ್ಲೇನ್ ಮೋಡ್ ಹಾಕಿ. 5ಜಿ ಇಲ್ಲದ ಊರಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ಇಳಿಸಿಡಿ. ಇವೆರಡರಿಂದಲೇ ಬ್ಯಾಟರಿ ಗಣನೀಯವಾಗಿ ಉಳಿಯುತ್ತದೆ.

‘4+4’ ಎಂದರೆ ಎಂಟಲ್ಲ

ಹ್ಯಾಂಗ್ ಆಗುವುದು ಅಗ್ಗದ ಫೋನಿನ ದೊಡ್ಡ ಕಾಯಿಲೆ. ಪೆಟ್ಟಿಗೆಯ ಮೇಲೆ ‘8 ಜಿಬಿ ರ‍್ಯಾಮ್’ ಎಂದು ದೊಡ್ಡದಾಗಿ ಬರೆದು, ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ‘4+4’ ಎಂದಿರುತ್ತದೆ. ನಿಜವಾದ ರ‍್ಯಾಮ್ ಮೊದಲನೆಯ ನಾಲ್ಕು ಮಾತ್ರ. ಎರಡನೆಯದು ಸ್ಟೋರೇಜಿನಿಂದ ಎರವಲು ಪಡೆದ ಜಾಗ, ಅದರ ವೇಗ ರ‍್ಯಾಮ್‌ನ ಹತ್ತಿರಕ್ಕೂ ಬರುವುದಿಲ್ಲ. ವಾಟ್ಸ್‌ಆಪ್, ಯುಪಿಐ, ಯೂಟ್ಯೂಬ್ ಬಳಸುವವರಿಗೆ ನಿಜವಾದ 4 ಜಿಬಿ ಕನಿಷ್ಠ. 2 ಜಿಬಿಯ ಫೋನು ಎಷ್ಟೇ ಅಗ್ಗವಾಗಿ ಬಂದರೂ ಬೇಡ. 3 ಜಿಬಿಯದು ಬರೀ ಕರೆ, ವಾಟ್ಸ್‌ಆಪ್‌ಗೆ ಸರಿಹೋದೀತು.

ಸ್ಟೋರೇಜ್ 64 ಜಿಬಿ ಎಂದಿದ್ದರೆ ಅದರಲ್ಲಿ ಹದಿನೈದು ಇಪ್ಪತ್ತು ಜಿಬಿಯನ್ನು ಫೋನಿನ ಸಾಫ್ಟ್‌ವೇರೇ ತಿಂದಿರುತ್ತದೆ. ಉಳಿದದ್ದನ್ನು ಶುಭೋದಯದ ಚಿತ್ರಗಳು, ಮದುವೆ ವಿಡಿಯೊಗಳು ವರ್ಷದೊಳಗೆ ತುಂಬುತ್ತವೆ. ಸ್ಟೋರೇಜ್ ತುಂಬಿದ ಫೋನು ನಿಧಾನವಾಗುತ್ತದೆ, ಆಪ್ ಅಪ್‌ಡೇಟ್ ನಿಲ್ಲುತ್ತದೆ, ಕೊನೆಗೆ ಯುಪಿಐ ಆಪ್ ತೆರೆಯುವುದೂ ಕಷ್ಟವಾಗುತ್ತದೆ. ಐನೂರೋ ಸಾವಿರವೋ ಹೆಚ್ಚಾದರೂ 128 ಜಿಬಿಯದನ್ನೇ ಆರಿಸಿ. ಈ ಹೆಚ್ಚುವರಿ ಹಣ ಕ್ಯಾಮೆರಾದ ಮೇಲೆ ಹಾಕಿದ್ದಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಸ್ಟೋರೇಜ್ ಚಿಪ್ ಇಎಂಎಂಸಿಯೋ ಯುಎಫ್‌ಎಸ್ಸೋ ಎಂದೂ ವಿವರಪಟ್ಟಿಯಲ್ಲಿ ನೋಡಿ. ಎರಡನೆಯದು ಬಹಳ ವೇಗದ್ದು.

ಕೊಂಡ ದಿನವೇ ವಾಟ್ಸ್‌ಆಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಡೇಟಾವೂ ಉಳಿಯುತ್ತದೆ.

ಬಿಸಿಲಲ್ಲಿ ಪರದೆ, ಹೊಲದಲ್ಲಿ ಜಿಪಿಎಸ್

ಪರದೆಯ ಹರ್ಟ್ಸ್ ಎಷ್ಟು ಎಂಬುದು ದಿನಬಳಕೆಗೆ ಅಷ್ಟು ಮುಖ್ಯವಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಕಾಣುವುದು ಮುಖ್ಯ. ಅಂಗಡಿಯವರನ್ನು ಕೇಳಿ ಡೆಮೊ ಸೆಟ್ಟನ್ನು ಬಾಗಿಲ ಹೊರಗೆ ತಂದು, ಬೆಳಕನ್ನು ಪೂರ್ತಿ ಹೆಚ್ಚಿಸಿ ಒಂದು ಮೆಸೇಜ್ ಓದಿ. ಹೊರಗೆ ಓದಲಾಗದ ಪರದೆ ಹೊಲದಲ್ಲಿ ಕೆಲಸಕ್ಕೆ ಬಾರದು.

ದಿಶಾಂಕ್, ಬೆಳೆ ಸಮೀಕ್ಷೆಗೆ ಜಿಪಿಎಸ್ ಬೇಕು. ಜಿಪಿಎಸ್‌ಗೆ ಇಂಟರ್‌ನೆಟ್ ಬೇಕಿಲ್ಲ, ಅದು ಉಪಗ್ರಹದಿಂದ ನೇರ ಬರುತ್ತದೆ. ಆದರೆ ನೆಟ್ ಇಲ್ಲದಾಗ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷ ಬಯಲಿನಲ್ಲಿ ನಿಲ್ಲಬೇಕಾಗಬಹುದು. ಅಗ್ಗದ ಫೋನುಗಳು ಹಲವು ದಿಕ್ಸೂಚಿ ಸೆನ್ಸರನ್ನು ಕೈಬಿಟ್ಟಿರುತ್ತವೆ. ಅಂಥದರಲ್ಲಿ ಮ್ಯಾಪ್ ಜಾಗ ತೋರಿಸುತ್ತದೆ, ನೀವು ಯಾವ ಕಡೆ ಮುಖ ಮಾಡಿದ್ದೀರಿ ಎಂದು ತೋರಿಸುವುದಿಲ್ಲ. ಜಮೀನಿನ ಎಲ್ಲೆ ನೋಡುವವರು ಇದನ್ನು ಗಮನಿಸಬೇಕು.

ಕ್ಯಾಮೆರಾ ವಿಷಯ ಸರಳ. 8 ಮೆಗಾಪಿಕ್ಸೆಲ್ ಸಾಕೋ 50 ಬೇಕೋ ಎಂಬ ಚರ್ಚೆ ಬಿಡಿ. ಪಹಣಿಯೋ ಮಾರ್ಕ್ಸ್ ಕಾರ್ಡೋ ಇದ್ದರೆ ಅದರ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಸಣ್ಣ ಅಕ್ಷರ ಓದಲು ಬಂದರೆ ಆಯಿತು. ಮುಂದಿನ ಕ್ಯಾಮೆರಾವನ್ನು ಸೆಲ್ಫಿಯ ಆಟವೆಂದು ತಳ್ಳಬೇಡಿ. ಪಿಎಂ ಕಿಸಾನ್ ಇ-ಕೆವೈಸಿಯನ್ನು 2023ರಿಂದ ಮುಖ ತೋರಿಸಿಯೂ ಮಾಡಬಹುದು. ಕೆಲಸ ಮಾಡಿ ಬೆರಳ ಗೆರೆ ಸವೆದವರಿಗೆ ಇದು ದೊಡ್ಡ ಅನುಕೂಲ. ಅಂಥವರಿಗೆ ಫೋನಿನ ಬೆರಳಚ್ಚು ಲಾಕ್ ಕೂಡ ಕೈಕೊಡುತ್ತದೆ. ಪಿನ್ ಹಾಕಿಡುವುದೇ ವಾಸಿ.

ಸ್ಪೀಕರ್ ಸದ್ದು, 3.5 ಎಂಎಂ ಇಯರ್‌ಫೋನ್ ತೂತು, ಎಫ್‌ಎಂ ರೇಡಿಯೊ ಇದ್ದರೆ ಒಳ್ಳೆಯದು. ರೇಡಿಯೊಗೆ ಡೇಟಾ ಬೇಡ, ಟವರೂ ಬೇಡ.

ಕನ್ನಡವೂ ಬರಲಿ, ಟಿಬೆಟನ್ನೂ ಬರಲಿ

ಭಾರತದಲ್ಲಿ ಮಾರುವ ಫೋನುಗಳು ಸಂವಿಧಾನದ 22 ಭಾಷೆಗಳ ಅಕ್ಷರಗಳನ್ನು ತೋರಿಸಲೇಬೇಕೆಂದು ಬಿಐಎಸ್ ಮಾನಕವಿದೆ. ಆದರೆ ಇಡೀ ಫೋನನ್ನು ಕನ್ನಡಕ್ಕೆ ಬದಲಿಸಿ ನೋಡಿದರೆ ಮಾತ್ರ ಗುಣ ಗೊತ್ತಾಗುತ್ತದೆ. ಅಕ್ಷರವನ್ನು ದೊಡ್ಡದು ಮಾಡಿದಾಗ ಒತ್ತಕ್ಷರ ಕತ್ತರಿಸಿಹೋಗುತ್ತದೆಯೇ ನೋಡಿ. ಓದು ಬರಹ ಕಡಿಮೆಯಿರುವವರಿಗೆ ಕನ್ನಡದ ಧ್ವನಿ ಟೈಪಿಂಗ್ ವರದಾನ. ಅಂಗಡಿಯಲ್ಲೇ ಒಂದು ವಾಕ್ಯ ಹೇಳಿ ಪರೀಕ್ಷಿಸಿ.

ಕ್ಯಾಂಪಿನ ಟಿಬೆಟನ್ ಕುಟುಂಬಗಳಿಗೆ ಇನ್ನೊಂದು ಪರೀಕ್ಷೆ ಇದೆ. ಟಿಬೆಟನ್ ಲಿಪಿಯ ಮೆಸೇಜ್ ತೆರೆದರೆ ಅಕ್ಷರ ಬರುತ್ತದೆಯೇ, ಚೌಕಗಳು ಬರುತ್ತವೆಯೇ? 22 ಭಾಷೆಗಳ ಪಟ್ಟಿಯಲ್ಲಿ ಟಿಬೆಟನ್ ಇಲ್ಲ, ಆದ್ದರಿಂದ ಆ ಮಾನಕದ ಭರವಸೆ ಇದಕ್ಕೆ ಸಲ್ಲದು.   ಚಳಿಗಾಲದಲ್ಲಿ ಸ್ವೆಟರ್ ವ್ಯಾಪಾರಕ್ಕೆ ದೂರದ ಪಟ್ಟಣಗಳಿಗೆ ಹೋಗುವವರಿಗೆ ಎಲ್ಲ ಕಂಪನಿಗಳ ಬ್ಯಾಂಡ್ ಹಿಡಿಯುವ, ದೊಡ್ಡ ಬ್ಯಾಟರಿಯ ಫೋನೇ ತಕ್ಕದ್ದು.

ಎಷ್ಟು ವರ್ಷ ಬಾಳುತ್ತದೆ?

ಫೋನಿನ ಆಯಸ್ಸು ಒಡೆಯುವವರೆಗೆ ಮಾತ್ರ ಅಲ್ಲ, ಸುರಕ್ಷತಾ ಅಪ್‌ಡೇಟ್ ನಿಲ್ಲುವವರೆಗೆ. ಹಣದ ಆಪ್ ಬಳಸುವವರಿಗೆ ಇದು ಮುಖ್ಯ. ಅಗ್ಗದ ಫೋನುಗಳಲ್ಲೂ ಈಗ ಇದು ಸುಧಾರಿಸಿದೆ. 2025ರ ಫೆಬ್ರವರಿಯಲ್ಲಿ ಬಂದ ಸ್ಯಾಮ್‌ಸಂಗ್ ಎ06 5ಜಿಗೆ ಕಂಪನಿ ನಾಲ್ಕು ವರ್ಷದ ಸುರಕ್ಷತಾ ಅಪ್‌ಡೇಟ್ ಹೇಳಿತ್ತು. ನೀವು ನೋಡುತ್ತಿರುವ ಫೋನಿಗೆ ಎಷ್ಟು ವರ್ಷ ಎಂದು ಕೇಳಿ. ಉತ್ತರವೇ ಇಲ್ಲದಿದ್ದರೆ ಪಕ್ಕದ ಮಾಡೆಲ್ ನೋಡಿ.

ಸರ್ವಿಸ್ ಸೆಂಟರ್ ಎಲ್ಲಿದೆ? ಕೊಳ್ಳೇಗಾಲದಲ್ಲೋ, ಚಾಮರಾಜನಗರದಲ್ಲೋ, ಮೈಸೂರಿಗೇ ಹೋಗಬೇಕೋ ಎಂಬುದನ್ನು ಕಂಪನಿಯ ಜಾಲತಾಣದಲ್ಲಿ ನೋಡಬಹುದು. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡನ್ನೂ ಫೋನಿನ ಬೆಲೆಗೆ ಸೇರಿಸಿ ಯೋಚಿಸಿ. ಡಿಸ್‌ಪ್ಲೇ ಹೋದರೆ ಎಷ್ಟಾಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ. ಸಾಮಾನ್ಯವಾಗಿ ಫೋನಿಗೆ ಒಂದು ವರ್ಷ, ಚಾರ್ಜರಿಗೆ ಆರು ತಿಂಗಳು ವಾರಂಟಿ. ನೀರು ಬಿದ್ದರೆ, ಪರದೆ ಒಡೆದರೆ ಅದು ಅನ್ವಯಿಸುವುದಿಲ್ಲ.

ಕಂತು, ಕರೆನ್ಸಿ, ಹಳೇ ಸೆಟ್ಟು

‘ಬಡ್ಡಿ ಇಲ್ಲದ ಕಂತು’ ಎಂದವರಿಂದ ಒಟ್ಟು ಎಷ್ಟು ಕಟ್ಟಬೇಕೆಂದು ಬರೆಸಿಕೊಳ್ಳಿ. ಒಂದು ಲೆಕ್ಕ: 9,000 ರೂಪಾಯಿಯ ಫೋನಿಗೆ 2,000 ಮುಂಗಡ, ತಿಂಗಳಿಗೆ 1,150ರಂತೆ ಎಂಟು ಕಂತು, 500 ಪ್ರೊಸೆಸಿಂಗ್ ಶುಲ್ಕ. ಒಟ್ಟು 11,700. ಅಂದರೆ 2,700 ಹೆಚ್ಚು. ಕಂತು ತಪ್ಪಿದರೆ ಫೋನನ್ನೇ ಲಾಕ್ ಮಾಡುವ ಆಪ್ ಹಾಕಿರುತ್ತಾರೆಯೇ ಎಂದೂ ಕೇಳಿ.

ಕರೆನ್ಸಿಯ ಖರ್ಚನ್ನೂ ಮರೆಯಬೇಡಿ. 28 ದಿನದ ಪ್ಯಾಕನ್ನು ವರ್ಷಕ್ಕೆ 13 ಸಲ ಹಾಕಿಸಬೇಕು. 250 ರೂಪಾಯಿಯದಾದರೆ ವರ್ಷಕ್ಕೆ 3,250, ಮೂರು ವರ್ಷಕ್ಕೆ ಫೋನಿನ ಬೆಲೆಯನ್ನೇ ದಾಟುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಆದೇಶದಂತೆ 2025ರ ಆರಂಭದಿಂದ ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್‌ಎಂಎಸ್‌ನ ಪ್ಯಾಕ್‌ಗಳೂ ಇವೆ. ಬಟನ್ ಫೋನಿಗೆ, ಎರಡನೇ ಸಿಮ್ಮಿಗೆ ಅವನ್ನು ಕೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ *#06# ಒತ್ತಿ ಐಎಂಇಐ ನಂಬರ್ ತೆಗೆಯಿರಿ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಫೋನಿನ ಕಂಪನಿ, ಮಾಡೆಲ್, ಅದು ಕಪ್ಪುಪಟ್ಟಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲೂ ಇದನ್ನು ನೋಡಬಹುದು. ಮಾರುವವರ ಎದುರಿಗೇ ಅವರ ಗೂಗಲ್ ಖಾತೆ ತೆಗೆಸಿ, ಫೋನನ್ನು ರಿಸೆಟ್ ಮಾಡಿಸಿ. ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿದರೆ ಆ ಫೋನು ಬೇಡ. ಹಳೆಯ ಬಿಲ್ಲನ್ನೂ ಪಡೆಯಿರಿ.

ಅಂಗಡಿಯಲ್ಲಿ ಮಾಡಬೇಕಾದ್ದು

- ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ. ಎದುರಿನವರಿಗೆ ನಿಮ್ಮ ದನಿ ಸ್ಪಷ್ಟವೇ ಕೇಳಿ.
- ಬ್ಯಾಂಡ್ ಸಾಲಿನಲ್ಲಿ 5, 8, 28 ಇವೆಯೇ ನೋಡಿ.
- ‘+’ ಗುರುತಿನ ಎಡಗಡೆಯ ರ‍್ಯಾಮ್ ಅಂಕಿ ನಾಲ್ಕೋ ಮೂರೋ ಓದಿ.
- ಪರದೆಯನ್ನು ಬಿಸಿಲಿನಲ್ಲಿ, ಕ್ಯಾಮೆರಾವನ್ನು ಕಾಗದದ ಮೇಲೆ ಪರೀಕ್ಷಿಸಿ.
- ಫೋನ್, ಪೆಟ್ಟಿಗೆ, ಬಿಲ್ ಮೂರರಲ್ಲೂ ಐಎಂಇಐ ಒಂದೇ ಇರಲಿ. ಮೊಬೈಲ್ ಮೇಲಿನ ಜಿಎಸ್‌ಟಿ ಶೇಕಡ 18, ಅದು ಎಂಆರ್‌ಪಿಯಲ್ಲೇ ಸೇರಿರುತ್ತದೆ. ಬಿಲ್ಲಿಗೆ ಬೇರೆ ಹಣ ಕೇಳಿದರೆ ಕೊಡಬೇಡಿ.

ಬಿಲ್ ಇದ್ದರೆ ಫೋನು ಕಳೆದುಹೋದಾಗ ಪೊಲೀಸ್ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿಯಲ್ಲಿ ಅದನ್ನು ಬ್ಲಾಕ್ ಮಾಡಿಸುವುದು ಸುಲಭ. ವಾರಂಟಿಯ ವಿಷಯದಲ್ಲಿ ಅಂಗಡಿಯವರು ಕೈಕೊಟ್ಟರೆ ಗ್ರಾಹಕ ಸಹಾಯವಾಣಿ 1915. ಹಣ ವಂಚನೆಯಾದರೆ ತಡಮಾಡದೆ 1930.

ಒಟ್ಟು ತೀರ್ಮಾನ ಇಷ್ಟು. ಒಡೆಯರಪಾಳ್ಯದ ಕಡೆಯವರಿಗೆ ಕೆಳಗಿನ ತರಂಗಗಳ ಬ್ಯಾಂಡ್‌ಗಳನ್ನೆಲ್ಲ ಹಿಡಿಯುವ, ಎರಡು ಸಿಮ್ಮಿನ, 5,000 ಎಂಎಎಚ್ ಬ್ಯಾಟರಿಯ, ನಿಜವಾದ 4 ಜಿಬಿ ರ‍್ಯಾಮ್ ಮತ್ತು 128 ಜಿಬಿ ಸ್ಟೋರೇಜ್ ಇರುವ 4ಜಿ ಫೋನೇ ಈ ಬೆಲೆಗೆ ಸರಿಯಾದ ಆಯ್ಕೆ. 5ಜಿ, ಕ್ಯಾಮೆರಾ ಇವೆಲ್ಲ ಆಮೇಲಿನ ಮಾತು. ಬಿಲ್ ಮಾತ್ರ ತಪ್ಪದೆ ತೆಗೆದಿಡಿ.